ರಂಗೋಲಿಯ ಖಾಲಿ ಮೂಲೆ

ನನಗೆ ರಂಗೋಲಿ ಕಲಿಸಿದ್ದು ಹಲಸೂರಿನ ವಠಾರದಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕ. ಅವರ ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ಅವರು ಬೆಳಿಗ್ಗೆ ಚುಕ್ಕಿ ಇಡುವಾಗ ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮೈಮರೆತು ನಿಲ್ಲುತ್ತಿದ್ದೆ. ಅವರ ಕೈಯೆಂದರೆ ನನಗೆ ಅಷ್ಟು ಪ್ರೀತಿ. ರಂಗೋಲಿಯ ಬಳ್ಳಿ ಮೂರು ಕಡೆ ತುಂಬಿ ಹರಡಿ, ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ ಥಟ್ಟನೆ ನಿಂತುಬಿಡುತ್ತಿತ್ತು. ಅಲ್ಲಿ ಬರೀ ನೆಲ. ಬೇರೆ ಯಾರ ಬಾಗಿಲಲ್ಲೂ ಹಾಗಿರಲಿಲ್ಲ. ಕಲೆಯೆಂದರೆ ಇದೇ ಎಂದು ತೀರ್ಮಾನಿಸಿಬಿಟ್ಟೆ.

ಮದುವೆಯಾಗಿ ಕೆ.ಆರ್. ಪುರಕ್ಕೆ ಬಂದ ಮೇಲೂ ಅದನ್ನೇ ಹಾಕಿದೆ. ಮೂಲೆ ಯಾಕೆ ಬಿಟ್ಟೆ ಎಂದು ಅತ್ತೆ ಕೇಳಿದಾಗಲೆಲ್ಲ, ಇವರಿಗೇನು ಗೊತ್ತು ಎಂದು ಒಳಗೊಳಗೇ ಮೂಗು ಮುರಿದೆ. ಅಕ್ಕ ಒಮ್ಮೆ ಬಂದು ನೋಡಿ, ಚೆನ್ನಾಗಿದೆ ಅನ್ನಬೇಕು, ಅದೊಂದೇ ನನ್ನ ಆಸೆ. ಕಲಿಸುವಾಗ ಅವರು ಒಂದು ದಿನವೂ ಹಾಗೆ ಅಂದವರಲ್ಲ.

ಕಳೆದ ಸಂಕ್ರಾಂತಿಗೆ ಎರಡು ದಿನ ಇದ್ದುಹೋಗಲು ಬಂದರು. ಅವರಿಗೆ ಮಂಡಿನೋವು, ಮೆಟ್ರೊ ನಿಲ್ದಾಣದಿಂದ ಆಟೊದಲ್ಲಿ ಕರೆತಂದೆ. ಬಾಗಿಲಲ್ಲಿ ನಿಂತು ನೋಡಿ, ಅವರೂ ಅತ್ತೆ ಕೇಳಿದ್ದನ್ನೇ ಕೇಳಿದರು. ನಿಮ್ಮಿಂದಲೇ ಕಲಿತದ್ದಲ್ಲವಾ ಎಂದೆ.

"ನೀವು ವಠಾರಕ್ಕೆ ಬರೋ ಮುಂಚೆ ಅಲ್ಲಿ ನಮ್ಮನೆಯವ್ರ ಸ್ಕೂಟರ್ ನಿಲ್ತಿತ್ತಮ್ಮ. ಅದನ್ನ ಮಾರಿದ್ಮೇಲೂ ನನ್ನ ಕೈ ಅಲ್ಲಿಗೆ ಬಂದು ನಿಂತ್ಬಿಡೋದು, ಅಷ್ಟೇ."

ನಗುತ್ತಾ ಚಪ್ಪಲಿಯನ್ನು ಆ ಖಾಲಿ ಮೂಲೆಯಲ್ಲೇ ಬಿಟ್ಟು ಒಳಗೆ ಹೋದರು. ನನ್ನ ಮುಖ ಸಪ್ಪಗಾಯಿತು. ಇಷ್ಟು ವರ್ಷ ಇಲ್ಲದ ಸ್ಕೂಟರಿಗೆ ಜಾಗ ಬಿಟ್ಟುಕೊಂಡು ಬಂದಿದ್ದೆ, ಅತ್ತೆಯ ಮುಂದೆ ಜಂಭ ಬೇರೆ.

ಮರುದಿನ ಬೆಳಿಗ್ಗೆ ಆ ಚಪ್ಪಲಿ ಸರಿಸಿ, ಹೊಸ ರಂಗೋಲಿ ಹಾಕಿ, ಮೂಲೆಯನ್ನೂ ತುಂಬಿದೆ. ಎದ್ದು ನಿಂತು ನೋಡಿದೆ. ತಪ್ಪೇನೂ ಇರಲಿಲ್ಲ, ಬೀದಿಯ ಎಲ್ಲ ಬಾಗಿಲುಗಳ ಮುಂದೆ ಇದ್ದ ಹಾಗೆಯೇ ಇತ್ತು. ಆದರೂ ಕಣ್ಣಿಗೆ ಒಗ್ಗಲಿಲ್ಲ. ಒದ್ದೆ ಬಟ್ಟೆ ತಂದು ಮೂಲೆಯನ್ನು ಒರೆಸಿದೆ. ಬಳ್ಳಿಯ ತುದಿಯನ್ನು ಮಾತ್ರ ಅಕ್ಕನ ಹಾಗೆ ಥಟ್ಟನೆ ನಿಲ್ಲಿಸದೆ, ಖಾಲಿ ನೆಲದ ಕಡೆಗೆ ಸ್ವಲ್ಪ ಬಾಗಿಸಿದೆ.

ಹಿಂದೆ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಮತ್ತೆ ಯಾಕೆ ಅಳಿಸಿದೆ ಎಂದರು.

"ನಂಗೆ ಹೀಗೇ ಇಷ್ಟ ಅಕ್ಕ."

ನನ್ನ ಇಷ್ಟವನ್ನು ಅವರೆದುರು ಹೇಳಿದ್ದು ಅದೇ ಮೊದಲು. ಅವರು ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೋದರು.

ವಾಪಸು ಬಂದವರು ಚಪ್ಪಲಿ ಬಿಡಲು ಆ ಮೂಲೆಯ ಹತ್ತಿರ ಬಂದು, ತಡೆದು ನಿಂತರು. ಆಮೇಲೆ ನೋಯುವ ಮಂಡಿಯಲ್ಲೇ ಇಡೀ ರಂಗೋಲಿಯನ್ನು ಬಳಸಿಕೊಂಡು ಹೋಗಿ, ಆಚೆ ಗೋಡೆಯ ಪಕ್ಕ ಬಿಟ್ಟರು.