ನೆಲದಲ್ಲಿ ಕೂರುವ ದೇವರು

ಚೆನ್ನಪ್ಪಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಾರ್ಕಳದಿಂದ ಬಂದು ಇಪ್ಪತ್ತೆರಡು ವರ್ಷ ಕೊಲ್ಲಿ ನಾಡಿನ ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಉಳಿ ಹಿಡಿದ ಬಡಗಿ. ಕೆಲಸದಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗದು, ನಾಲಿಗೆಗೆ ಮಾತ್ರ ಲಗಾಮಿಲ್ಲ. ಪಿಕಪ್ ಓಡಿಸುವ ನಾನು ಅವರ ಬೈಗುಳ ಕೇಳಿಯೇ ಅರ್ಧ ಮುದುಕನಾದೆ.

2016ರಲ್ಲಿ ಚೀನಾದವರ ಅಂಗಡಿಸಾಲಿನಲ್ಲಿ ಪಿಂಗಾಣಿ ಮಾರುವ ಲಿನ್ ಎಂಬಾಕೆ ಕೆಂಪು ಬಣ್ಣದ ದೇವರ ಗೂಡೊಂದನ್ನು ಚೆನ್ನಪ್ಪಣ್ಣನಿಂದ ಮಾಡಿಸಿದಳು. ಚೀನಾದವರಿಗೆ ಇಲ್ಲಿ ಗುಡಿಯಿಲ್ಲ, ಅವಳ ಅಂಗಡಿಯ ಹಿಂದಿನ ಕೋಣೆಯೇ ಗುಡಿ. ಅವರ ಹೊಸ ವರ್ಷದ ದಿನ ಹತ್ತು ಗಂಟೆಗೆ ನಲವತ್ತು ಜನ ಕೈಮುಗಿಯಲು ಬರುವವರಿದ್ದರು.

ಆ ಬೆಳಿಗ್ಗೆ ಎಂಟಕ್ಕೆ ನಾವು ಗೂಡು ಒಯ್ದಾಗ ಲಿನ್ ಹಣ್ಣು ತರಲು ಹೋಗಿದ್ದಳು. ಈ ಮನುಷ್ಯ ಯಾರನ್ನೂ ಕೇಳದೆ ಗೋಡೆ ಕೊರೆದು, ತಲೆಯೆತ್ತರದಲ್ಲಿ ಎಂಟು ಸ್ಕ್ರೂ ಬಿಗಿದುಬಿಟ್ಟರು! ಲಿನ್ ಬಂದು ನೋಡಿ ಚೀರಿದಳು. ಗೂಡು ನೆಲದಲ್ಲಿರಬೇಕಂತೆ.

"ದೇವರನ್ನು ಕಸ ಗುಡಿಸುವಲ್ಲಿ ಕೂರಿಸುವುದಾ? ನನ್ನ ಕೈಯಿಂದ ಆ ಪಾಪ ಆಗ್ಲಿಕ್ಕಿಲ್ಲ," ಎಂದು ಚೆನ್ನಪ್ಪಣ್ಣ ಡ್ರಿಲ್ಲನ್ನು ಚೀಲಕ್ಕೆ ತುರುಕಿ ಅದರ ಮೇಲೆಯೇ ಕೂತರು.

ನನಗೂ ತಲೆ ಕೆಟ್ಟಿತು. "ಅಣ್ಣಾ, ದೇವರು ಅವಳದ್ದು, ಹಠ ನಿಮ್ಮದಾ? ನಲವತ್ತು ಜನ ಬಂದು ಯಾರಿಗೆ ಕೈಮುಗಿಯಬೇಕು, ನಿಮಗಾ?"

"ನೀನು ಬಾಯಿ ಮುಚ್ಚು, ಜಯಂತ!"

ಲಿನ್ ಸಿಟ್ಟಿನಿಂದ ಅಳುತ್ತ ಅಂಗೈಯಿಂದ ನೆಲಕ್ಕೆ ಬಡಿದಳು. ತನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದಳು: "ಈ ದೇವರು ಚೀನಾದವನಲ್ಲ. ನಾವು ಹೋದ ಹೋದ ಕಡೆ ಆ ನೆಲದ ಯಜಮಾನ. ಹೊರಗಿಂದ ಬಂದವರು ಇಲ್ಲಿ ಇರಲಾ ಅಂತ ಮೊದಲು ಇವನನ್ನು ಕೇಳಬೇಕು. ಗೋಡೆಗೆ ನೇತುಹಾಕಿದರೆ ಹೇಗೆ ಕೇಳಲಿ?"

ಚೆನ್ನಪ್ಪಣ್ಣ ನನ್ನತ್ತ ತಿರುಗಿದರು. "ನಮ್ಮ ಊರಲ್ಲಿ ಜಾಗದ ಒಡೆಯ ನಾಗನ ಹಾಗಾ?"

"ಹೌದು ಮಾರಾಯ್ರೆ, ನಾಗನ ಹಾಗೇ! ನಾಗನ ಕಲ್ಲನ್ನು ಅಟ್ಟದಲ್ಲಿ ಇಡ್ತೀರಾ ನೀವು?"

ಚೆನ್ನಪ್ಪಣ್ಣ ಚೀಲದ ಮೇಲಿಂದ ಎದ್ದು ಡ್ರಿಲ್ ಹೊರತೆಗೆದರು. ಎಂಟೂ ಸ್ಕ್ರೂ ಬಿಚ್ಚಿ, ಗೂಡನ್ನು ಇಳಿಸಿ, ನೆಲ ಒರೆಸಿ, ರಸಮಟ್ಟ ಇಟ್ಟು ಸಮ ಕೂತಿದೆಯಾ ಎಂದು ಮೂರು ಸಲ ನೋಡಿದರು. ಲಿನ್ ಮೂರ್ತಿ ಕೂರಿಸಿ ಊದುಬತ್ತಿ ಹಚ್ಚಿದಳು. ಬಾಗಿಲಲ್ಲಿ ಆಗಲೇ ಜನ ಸೇರಿದ್ದರು.

ಮೊಣಕಾಲೂರಿದ್ದ ಚೆನ್ನಪ್ಪಣ್ಣ ಎದ್ದವರೇ ನನ್ನ ಮೇಲೆ ಹರಿಹಾಯ್ದರು. ಕಣ್ಣು ಕೆಂಪಾಗಿತ್ತು.

"ಚಪ್ಪಲಿ ಬಿಡು ಮಾರಾಯ! ಇಪ್ಪತ್ತೆರಡು ವರ್ಷ ಇವನ ಎದೆಯ ಮೇಲೆ ಮೆಟ್ಟು ಹಾಕಿಕೊಂಡು ತಿರುಗಿದ್ದೇನೆ ನಾನು, ಇರಲಾ ಅಂತ ಒಂದು ಮಾತು ಕೇಳದೆ!"