ಹುಂಗ್ ಶಿಫು ಹೆಸರಿನ ನಾಲ್ಕು ಬೈಟು

ತೈಪೆ ಪಕ್ಕದ ಪಾನ್‌ಚಿಯಾವ್‌ನ ಕಂಪ್ಯೂಟರ್ ಕಾರ್ಖಾನೆಗೆ ಲಾಯ್ ಸೂಚೆನ್ ಸೇರಿದ ಕಾಲದಲ್ಲಿ, ಕಂಪ್ಯೂಟರನ್ನು ನಿದ್ದೆಯಿಂದ ಎಬ್ಬಿಸುವ ಕೋಡು ಐನೂರ ಹನ್ನೆರಡು ಬೈಟಿನಲ್ಲಿ ಮುಗಿಯಬೇಕಿತ್ತು. ಒಂದು ಬೈಟೆಂದರೆ ಒಂದು ಅಕ್ಷರದ ಜಾಗ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಒಂದು ಬೈಟು ಉಳಿಸಲು ಅರ್ಧ ದಿನ ತಲೆ ಕೆರೆದುಕೊಂಡವರಿಗೇ ಅದರ ಸುಖ ಗೊತ್ತು.

ಅವಳಿಗೆ ಕೆಲಸ ಕಲಿಸಿದವರು ಹುಂಗ್ ಶಿಫು; ಶಿಫು ಎಂದರೆ ಅಲ್ಲಿನ ಮಾತಿನಲ್ಲಿ ಗುರು. ಬೆಳಿಗ್ಗೆ ಬೈದು, ಮಧ್ಯಾಹ್ನ ತಮ್ಮ ಡಬ್ಬಿಯ ಮೊಟ್ಟೆಯನ್ನು ಅವಳ ಅನ್ನದ ಮೇಲಿಡುತ್ತಿದ್ದರು. ಕೋಡು ಅವರದೇ. ಕೊನೆಯಲ್ಲಿ ಉಳಿದ ನಾಲ್ಕು ಬೈಟಿನಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನ ನಾಲ್ಕು ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಅದು ಪರದೆಯ ಮೇಲೆ ಕಾಣುತ್ತಿರಲಿಲ್ಲ. ಆದರೂ ವರ್ಷದ ಕೊನೆಯ ಔತಣದಲ್ಲಿ, “ನಮ್ಮ ಒಂದೊಂದು ಮೆಷೀನೂ ನನ್ನ ಹೆಸರು ಹೊತ್ಕೊಂಡೇ ಏಳುತ್ತೆ” ಎನ್ನದೆ ಅವರಿಗೆ ಕೋಳಿಸಾರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಕ್ಕಳಿಲ್ಲದ ಮನುಷ್ಯ.

ಅವರು ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ್ದ ವಾರ ಅಗ್ಗದ ವಿಡಿಯೋ ಕಾರ್ಡೊಂದು ಬಂತು. ಪರದೆಯ ಸಾಲನ್ನು ಮೇಲೆ ಸರಿಸು ಎಂದು ಕೋಡು ಕರೆದರೆ ಸರಿಸುತ್ತಿತ್ತು. ಹೋಗುವಾಗ ಕೋಡು ನೆನಪಿಟ್ಟುಕೊಂಡ ಅಂಕಿಯನ್ನೂ ಕೆಡಿಸಿ ಹೋಗುತ್ತಿತ್ತು. ಊಟಕ್ಕೆ ಕರೆದರೆ ತಟ್ಟೆಯನ್ನೂ ಹೊತ್ತೊಯ್ಯುವ ನೆಂಟನ ಹಾಗೆ. ಮೆಷೀನು ಅಲ್ಲೇ ಕಲ್ಲಾಗಿ ಕೂರುತ್ತಿತ್ತು. ಕಾರ್ಡಿನವರು ತಪ್ಪು ನಿಮ್ಮದೇ ಎಂದು ಕೈತೊಳೆದುಕೊಂಡರು. ಮದ್ದು ಸುಲಭವಿತ್ತು: ಕರೆಯುವ ಮುನ್ನ ಅಂಕಿಯನ್ನು ಎತ್ತಿಡುವುದು, ಕರೆದ ಮೇಲೆ ವಾಪಸು ಇಡುವುದು. ಎತ್ತಿಡಲು ಒಂದು ಬೈಟು, ವಾಪಸಿಗೆ ಒಂದು. ಅಂಥ ಕರೆ ಎರಡು ಕಡೆ ಇತ್ತು.

ಸೂಚೆನ್ ಮೂರು ದಿನ ಕೋಡನ್ನು ಹಿಂಡಿದಳು. ಒಂದು ಬೈಟೂ ಉದುರಲಿಲ್ಲ. ಮೆಷೀನು ಒಯ್ಯುವ ಲಾರಿ ಬಾಗಿಲಿಗೆ ಬಂದಾಗ ಶಿಫುವಿನ ಹೆಸರನ್ನು ಅಳಿಸಿ ಆ ನಾಲ್ಕು ಬೈಟನ್ನು ಮದ್ದಿಗೆ ಬಳಸಿದಳು. ಗೊತ್ತಾದರೆ ಅವರ ಮನಸ್ಸು ಮುರಿಯುತ್ತದೆಂದು ಹೇಳಲು ಹೆದರಿದಳು. ಮುಂದೆ ಒಂಬತ್ತು ವರ್ಷ, ಔತಣದಲ್ಲಿ ಆ ಮಾತು ಬಂದಾಗೆಲ್ಲ ಮೀನಿನ ಮುಳ್ಳು ಆರಿಸುತ್ತ ತಲೆತಗ್ಗಿಸಿ ಕೂರುತ್ತಿದ್ದಳು.

ಶಿಫು ನಿವೃತ್ತರಾಗುವ ವರ್ಷ ಕಾರ್ಖಾನೆಯ ಯಜಮಾನರ ಹೆಂಡತಿ ಕೆಣಕಿದರು. “ಶಿಫು, ಇದು ನಿಮ್ಮ ಕೊನೇ ಔತಣ. ಆ ಹೆಸರು ಒಂದ್ಸಲ ತೋರಿಸಿಬಿಡಿ. ಇಲ್ಲಾಂದ್ರೆ ಇಷ್ಟು ವರ್ಷ ಬುರುಡೆ ಬಿಟ್ರಿ ಅಂತೀವಿ.”

ಸೂಚೆನ್ ಮುಳ್ಳು ಆರಿಸುವುದನ್ನು ನಿಲ್ಲಿಸಿದಳು.

“ಈಗೆಲ್ಲಿದೆ ತಾಯಿ,” ಎಂದರು ಶಿಫು. “ಒಂದು ದರಿದ್ರ ಕಾರ್ಡು ಬಂದಿತ್ತು, ಜಾಗ ಬೇಕಾಯ್ತು. ನಾನೇ ಅಳಿಸ್ದೆ.”

“ಮತ್ತೆ ವರ್ಷಾ ವರ್ಷಾ ಕೊಚ್ಚಿಕೊಳ್ತಿದ್ರಲ್ಲ?”

“ವಯಸ್ಸಾಯ್ತು. ಬಾಯಿಗೆ ಅಭ್ಯಾಸ.”

ಎಲ್ಲರೂ ನಕ್ಕರು. ಊಟ ಮುಗಿದ ಮೇಲೆ ಸ್ಕೂಟರು ನಿಲ್ಲಿಸಿದ್ದಲ್ಲಿಗೆ ಸೂಚೆನ್ ಅವರ ಹಿಂದೆಯೇ ಹೋದಳು.

“ಯಾವಾಗ ಗೊತ್ತಾಯ್ತು ಶಿಫು?”

“ರಜೆ ಮುಗಿಸಿ ಬಂದ ದಿನಾನೇ. ನಾನು ಬರೆದ ಕೋಡು, ನಂಗೆ ಗೊತ್ತಾಗಲ್ವಾ? ನೀನು ಕೆಲಸ ಅಚ್ಚುಕಟ್ಟಾಗೇ ಮಾಡಿದ್ದೆ.” ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. “ನೀನಾಗೇ ಹೇಳ್ತೀಯೇನೋ ಅಂತ ಆಮೇಲೂ ಪ್ರತಿ ವರ್ಷ ಆ ಮಾತು ಎತ್ತುತ್ತಿದ್ದೆ ಕಣಮ್ಮಾ. ಅವತ್ತು ಒಂದು ಮಾತು ಕೇಳಿದ್ದಿದ್ರೆ ನಾನೇ ಅಳಿಸಿ ಕೊಡ್ತಿದ್ದೆ.”