ಗೋಡೆಯಾಚೆಯ ನೀಲಿ

ಬೆಳಗಿನ ಐದು ಗಂಟೆಗೆ ಎದ್ದು ಅಮ್ಮನ ಉಚ್ಚೆ ಕಾಯಿಸುವುದು ಎಷ್ಟೋ ವರ್ಷ ನನ್ನ ದಿನದ ಮೊದಲ ಕೆಲಸವಾಗಿತ್ತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ಸಕ್ಕರೆ ಕಾಯಿಲೆಯನ್ನು ಮನೆಯಲ್ಲಿ ನೋಡಲು ಬೇರೆ ದಾರಿ ಇರಲಿಲ್ಲ. ರಕ್ತ ಪರೀಕ್ಷೆಯೆಂದರೆ ಶೆಟ್ಟಿಹಳ್ಳಿಯಿಂದ ಯಶವಂತಪುರಕ್ಕೆ ಹೋಗಬೇಕು, ಅರ್ಧ ದಿನ ರಜೆ ಹಾಕಬೇಕು. ಮನೆಯಲ್ಲಾದರೆ ಒಂದು ಗಾಜಿನ ನಳಿಕೆ, ಒಂದು ಸ್ಪಿರಿಟ್ ದೀಪ, ಔಷಧಿ ಅಂಗಡಿಯಲ್ಲಿ ಸಿಗುವ ನೀಲಿ ದ್ರಾವಣ, ಅಷ್ಟೇ. ನಳಿಕೆಗೆ ದ್ರಾವಣ ಹಾಕಿ, ಎಂಟು ಹನಿ ಉಚ್ಚೆ ಬಿಟ್ಟು, ಕುದಿಸಿ, ಆರಲು ಬಿಡಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಮೈತುಂಬ ಸಕ್ಕರೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಜಾಲಹಳ್ಳಿಯ ಕಾರ್ಖಾನೆಯೊಂದಕ್ಕೆ ಕಸ ಗುಡಿಸಲು ಸೇರಿ, ಲೇತ್ ಮೆಷಿನ್ನಿನ ಮೇಲೆ ಕೈ ಪಳಗಿಸಿಕೊಂಡು ಟರ್ನರ್ ಆದವನು. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವನ್ನೂ ಹಿಡಿಯುವ ಕೈ ನನ್ನದು. ಯಶವಂತಪುರದ ನಮ್ಮ ಡಾಕ್ಟರ ಕಾಂಪೌಂಡರ್ ಒಂದು ಸಲ ತೋರಿಸಿದ್ದೇ ಸಾಕಾಯಿತು. ನೋಟ್ ಬುಕ್ಕಿಗೆ ಸ್ಕೇಲಿನಲ್ಲಿ ಗೆರೆ ಎಳೆದು ದಿನಕ್ಕೊಂದು ಸಾಲು ಬಣ್ಣ ಬರೆದಿಡತೊಡಗಿದೆ. ಡಾಕ್ಟರು ಅದನ್ನು ನೋಡಿ, "ಕಾಲೇಜು ಓದಿದೋರೂ ಇಷ್ಟು ಅಚ್ಚುಕಟ್ಟಾಗಿ ಬರೆಯಲ್ಲ ಕಣ್ರೀ" ಅಂದರು. ಆ ಮಾತನ್ನು ನಾನು ಕ್ಯಾಂಟೀನಿನಲ್ಲಿ ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ.

ಮೊದಲ ತಿಂಗಳುಗಳಲ್ಲಿ ಬಣ್ಣ ಚೆನ್ನಾಗಿರಲಿಲ್ಲ. ಅಮ್ಮನಿಗೆ ಬೆಲ್ಲದ ಕಾಫಿಯೆಂದರೆ ಪ್ರಾಣ. ನಳಿಕೆ ಹಳದಿಗೆ ತಿರುಗಿದ ದಿನ ಹಿತ್ತಿಲಿನಿಂದಲೇ ನನ್ನ ಕೂಗಾಟ ಶುರುವಾಗುತ್ತಿತ್ತು.

"ಮತ್ತೆ ಬೆಲ್ಲ ತಿಂದ್ಯಾ? ನಾನೇನು ಮನುಷ್ಯನೋ ಕತ್ತೆನೋ? ನಿದ್ದೆಗೆಟ್ಟು ಇದನ್ನ ಕಾಯಿಸ್ಕೊಂಡು ಕೂತಿದೀನಿ!"

"ಒಸಿ ಮೆಲ್ಲಗೆ ಮಾತಾಡಪ್ಪ. ಬೀದೀಲಿ ಜನ ಓಡಾಡ್ತವ್ರೆ."

"ಕೇಳಲಿ! ಇಡೀ ಶೆಟ್ಟಿಹಳ್ಳಿ ಕೇಳಲಿ!"

ಇಡೀ ಶೆಟ್ಟಿಹಳ್ಳಿಯ ಮಾತು ಗೊತ್ತಿಲ್ಲ, ಪಕ್ಕದ ಮನೆಯ ಖಾಲಾ ಅಂತೂ ದಿನಾ ಕೇಳುತ್ತಿದ್ದರು. ಅವರ ಮನೆಯಲ್ಲಿ ದಖನಿ ಮಾತು. ಖಾಲಾ ಅಂದರೆ ಚಿಕ್ಕಮ್ಮ. ಅವರ ಅಕ್ಕನ ಮಕ್ಕಳು ಹಾಗೆ ಕರೆದೂ ಕರೆದೂ ಬೀದಿಗೆಲ್ಲ ಅವರು ಖಾಲಾ ಆಗಿದ್ದರು. ನಮ್ಮಮ್ಮ ಮಾತ್ರ ಬೂಬಮ್ಮ ಅನ್ನುತ್ತಿದ್ದಳು. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಹೆಚ್ಚುಕಡಿಮೆ ಒಂದೇ ವಯಸ್ಸು. ಎರಡು ಹಿತ್ತಿಲುಗಳ ನಡುವೆ ಸೊಂಟದೆತ್ತರದ ಗೋಡೆ. ಅದರ ಮೇಲಿಂದ ಕರಿಬೇವು, ಹುಣಸೆಹಣ್ಣು, ಮೊರ, ಸೊಸೆಯರ ಮೇಲಿನ ದೂರು, ಎಲ್ಲವೂ ಆಚೀಚೆ ದಾಟುತ್ತಿದ್ದವು.

ಯುಗಾದಿ ಕಳೆದ ಮೇಲೆ ಒಂದು ದಿನ ನಳಿಕೆ ನೀಲಿಗೆ ನಿಂತಿತು. ಮಾರನೇ ದಿನವೂ ನೀಲಿ. ಆಮೇಲೆ ದಿನಾ ನೀಲಿಯೇ. ಬೆಲ್ಲದ ಡಬ್ಬಿಗೆ ಬೀಗ ಹಾಕಿದವನು ನಾನು, ಅನ್ನ ಬಿಡಿಸಿ ಮುದ್ದೆಗೆ ನಿಲ್ಲಿಸಿದವನು ನಾನು, ಗದರಿದವನು ನಾನು. ಹಾಗಾಗಿ ಆ ನೀಲಿಯೂ ನನ್ನದೇ ಅಂದುಕೊಂಡೆ. ಡಾಕ್ಟರು ಪುಸ್ತಕ ನೋಡಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.

ಆ ಮಳೆಗಾಲದಲ್ಲಿ ಹಂಡೆ ಒಲೆಯಿಂದ ಕೆಂಡವೊಂದು ಜಾರಿ ಅಮ್ಮನ ಎಡಗಾಲಿನ ಎರಡನೇ ಬೆರಳ ಮೇಲೆ ಬಿತ್ತು. ಕಾಯಿಲೆಗೆ ಪಾದ ಮರಗಟ್ಟಿದ್ದರಿಂದ ಅವಳಿಗೆ ಅದು ಗೊತ್ತೇ ಆಗಲಿಲ್ಲ. ಸುಟ್ಟ ವಾಸನೆ ಹಿಡಿದು ಓಡಿಬಂದವಳು ನನ್ನ ಹೆಂಡತಿ. ಅಂದಿನಿಂದ ಶಿಫ್ಟ್ ಮುಗಿಸಿ ಬಂದ ಮೇಲೆ ನನಗೆ ಇನ್ನೊಂದು ಕೆಲಸ. ನೀರು ಕುದಿಸಿ ಆರಿಸಬೇಕು, ಗಾಯ ತೊಳೆಯಬೇಕು, ಮುಲಾಮು ಹಚ್ಚಿ ಹಳೇ ಪಂಚೆಯ ಚೂರು ಸುತ್ತಬೇಕು. ಎಂಟು ಗಂಟೆ ನಿಂತು ದುಡಿದ ಕಾಲು ನನ್ನವು, ಅವಳ ಕಾಲ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು. ಒಂದು ತಿಂಗಳಾಯಿತು, ಗಾಯ ಮಾಯಲಿಲ್ಲ. ಬೆರಳಿನ ತುದಿ ಕಪ್ಪಾಗತೊಡಗಿತು.

"ಸಕ್ಕರೆ ಇಷ್ಟು ಹತೋಟಿಯಲ್ಲಿದೆ, ಗಾಯ ಯಾಕ್ರೀ ಮಾಯ್ತಿಲ್ಲ?" ಅಂದರು ಡಾಕ್ಟರು. "ಯಾವುದಕ್ಕೂ ಒಂದ್ಸಲ ರಕ್ತ ನೋಡೋಣ."

"ದಿನಾ ನೀಲಿ ಇದೆಯಲ್ಲ ಸಾರ್, ಸುಮ್ನೆ ಯಾಕೆ?" ಅಂದೆ.

ರಜೆ ಇರಲಿಲ್ಲ, ಅದು ನಿಜ. ಆದರೆ ನನ್ನ ಪುಸ್ತಕದ ಮೇಲೆ ಅನುಮಾನ ಪಡುತ್ತಿದ್ದಾರೆಂದು ಸಿಟ್ಟು ಬಂದದ್ದು ಅದಕ್ಕಿಂತ ದೊಡ್ಡ ನಿಜ. ಮುಂದಿನ ವಾರ ಬರ್ತೀನಿ ಅಂದವನು ಮೂರು ವಾರ ಹೋಗಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನಳಿಕೆ ಕಿತ್ತಳೆ ಬಣ್ಣಕ್ಕೆ ತಿರುಗಿತು.

"ಬೀಗ ಮುರಿದ್ಯಾ ಹೆಂಗೆ?" ಅಂತ ಶುರು ಮಾಡಿದೆ. ಅಮ್ಮ ಕುಂಟುತ್ತಾ ಹತ್ತಿರ ಬಂದು ನಳಿಕೆಯನ್ನೇ ನೋಡಿದಳು.

"ಸರ್ಯಾಗಿ ಕಾಯಿಸ್ದ್ಯಾ? ಇನ್ನೊಂದ್ಸಲ ಕಾಯ್ಸು."

ಕಾಯಿಸಿದೆ. ಮತ್ತೆ ಕಿತ್ತಳೆ. ಅಮ್ಮ ಒಗೆಯುವ ಕಲ್ಲಿನ ಮೇಲೆ ಕೂತಳು.

"ಅದು ನಂದಲ್ಲ ಕಣಪ್ಪ. ಬೂಬಮ್ಮಂದು."

ಬಿಡಿಸಿ ಹೇಳು ಅಂದೆ. ಯುಗಾದಿಯಿಂದ ಈಚೆಗೆ, ನಾನು ಹಲ್ಲುಜ್ಜಿ ದೀಪ ಹಚ್ಚುವಷ್ಟರಲ್ಲಿ, ಅಮ್ಮ ಉಚ್ಚೆ ಹಿಡಿದು ಕೊಡುತ್ತಿದ್ದ ಸೊಟ್ಟ ಲೋಟ ಆ ಗೋಡೆ ದಾಟಿ ಹೋಗಿ ತುಂಬಿಕೊಂಡು ಬರುತ್ತಿತ್ತು.

"ನೀನು ಕಿರಚಾಡೋದು ಕೇಳಕ್ಕಾಗ್ದೆ ಅವ್ಳೇ ಅಂದ್ಳು, ನಂದು ತಗೋ ಅಕ್ಕ, ಮಗ ನೆಮ್ಮದಿಯಾಗಿ ಡೂಟಿಗೆ ಓಗ್ಲಿ ಅಂತ." ಅಮ್ಮ ನನ್ನ ಪಂಚೆಯ ಅಂಚು ಹಿಡಿದುಕೊಂಡಳು. "ಅವ್ಳಿಗೂ ಬಂದ್ಬುಟ್ಟದಾ? ನಿಜ ಹೇಳು ಮಗ, ಅವ್ಳಿಗೂ ಬಂದ್ಬುಟ್ಟದಾ?"

ತನ್ನ ಕಪ್ಪು ಬೆರಳಿಗಾಗಿ ಒಂದು ದಿನವೂ ಅಳದವಳು ಆವತ್ತು ಅತ್ತಳು. ಕಿತ್ತಳೆ ಬಣ್ಣ ಕಾಣದಿದ್ದರೆ ಅವಳು ಬಾಯಿ ಬಿಡುತ್ತಲೇ ಇರಲಿಲ್ಲ. ಅವಳದೇ ಉಚ್ಚೆ ತರಿಸಿ ಕಾಯಿಸಿದೆ. ಕುದಿ ಬರುವ ಮೊದಲೇ ಇಟ್ಟಿಗೆ ಬಣ್ಣ.

ನನ್ನ ಹಳೇ ಫೋರ್‌ಮನ್ ಹೇಳುತ್ತಿದ್ದರು: "ನೂರು ಪೀಸೂ ಒಂದೇ ಅಳತೆಗೆ ಬಂದ್ರೆ ಹಿಗ್ಬೇಡ ಗುರು, ಮೊದ್ಲು ಗೇಜ್ ನೋಡು." ಅಳೆಯುವ ಗೇಜೇ ಸರಿಯಿದೆಯಾ ಅಂತ ಕಾರ್ಖಾನೆಯಲ್ಲಿ ದಿನಾ ನೋಡುತ್ತಿದ್ದವನು ಮನೆಯಲ್ಲಿ ನೋಡಿರಲಿಲ್ಲ. ಹೆಂಡತಿಯ ಮೇಲೆ ತಿರುಗಿಬಿದ್ದೆ, ನಿನಗೆ ಗೊತ್ತಿತ್ತಾ ಅಂತ.

"ಗೊತ್ತಿದ್ರೆ ಬಿಡ್ತಿದ್ನಾ?" ಅಂದಳು. "ಆದ್ರೆ ಒಂದು ಮಾತು ಕೇಳಿ. ದಿನಾ ಬೆಳಿಗ್ಗೆ ನನ್ನ ಹಂಗೆ ಬೈದಿದ್ರೆ, ನಾನು ಎರಡು ಗೋಡೆ ಹಾರ್ತಿದ್ದೆ."

ಕಾರ್ಖಾನೆಗೆ ಹೋಗಲಿಲ್ಲ. ಪಕ್ಕದ ಮನೆಗೆ ಹೋಗಿ ಸುದ್ದಿ ಹೇಳಿದೆ. ಖಾಲಾ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಆಮೇಲೆ ನಕ್ಕರು. "ಅಯ್ಯೋ ಬೇಟಾ, ಒಂದು ಲೋಟ ಕೊಟ್ಟಿದ್ದಕ್ಕೆ ಕಾಯಿಲೆನೇ ವಾಪಸ್ ಕೊಟ್ಬಿಟ್ಟಳಾ ನಿಮ್ಮಮ್ಮ?" ಅಂದರು. ಅಮ್ಮನ ಬೆರಳಿನ ಮಾತು ಬಂದಾಗ ನಗು ನಿಂತಿತು. "ನಾನು ಒಳ್ಳೇದಕ್ಕೇ ಮಾಡಿದ್ದು," ಅಂದರು. ನನಗೆ ಅವರ ಮೇಲೆ ಕೂಗಲು ಬಾಯಿ ಬರಲಿಲ್ಲ. ಅವರು ಅದನ್ನು ಮಾಡಿದ್ದು ಯಾರ ಬಾಯಿಗೆ ಹೆದರಿ ಅಂತ ನನಗೆ ಗೊತ್ತಿತ್ತು.

ಇಬ್ಬರನ್ನೂ ಒಂದೇ ಆಟೋದಲ್ಲಿ ಯಶವಂತಪುರಕ್ಕೆ ಕರೆದುಕೊಂಡು ಹೋದೆ. ಖಾಲಾಗೆ ಕಾಯಿಲೆ ಎಂದಿನಿಂದ ಅಂತ ಡಾಕ್ಟರು ಕೇಳಿದಾಗ ನನ್ನ ಪುಸ್ತಕ ತೆಗೆದು ಕೊಟ್ಟೆ. ಯುಗಾದಿಯಿಂದ ನಿನ್ನೆಯವರೆಗಿನ ಅವರ ನೀಲಿಯೆಲ್ಲ ಅದರಲ್ಲಿ ಅಚ್ಚುಕಟ್ಟಾಗಿತ್ತು. ಅವರದು ಇನ್ನೂ ಮೊದಲ ಹಂತ, ಮಾತ್ರೆಯಲ್ಲಿ ನಿಂತಿತು. ಅಮ್ಮನ ಕಾಲು ನೋಡಿ ಡಾಕ್ಟರು, "ಆವತ್ತೇ ರಕ್ತ ನೋಡಿದ್ದಿದ್ರೆ..." ಅಂದು ಆಸ್ಪತ್ರೆಗೆ ಚೀಟಿ ಬರೆದರು. ಆಸ್ಪತ್ರೆಯಲ್ಲಿ ಬೆರಳು ತೆಗೆದರು. ಪಾದ ಉಳಿಯಿತು.

ಆಮೇಲೆ ನನ್ನ ಬೆಳಗಿನ ಕೆಲಸ ದುಪ್ಪಟ್ಟಾಯಿತು. ಗಾಜಿನ ಸಿರಿಂಜು, ಸೂಜಿ ಕುದಿಸಿ ಅಮ್ಮನಿಗೆ ಇನ್ಸುಲಿನ್ ಚುಚ್ಚಬೇಕು. ಗೋಡೆಯ ಮೇಲೆ ಎರಡು ಲೋಟ ಕಾದಿರುತ್ತಿದ್ದವು, ಗುರುತಿಗೆ ಖಾಲಾ ಲೋಟಕ್ಕೊಂದು ದಾರ ಕಟ್ಟಿರುತ್ತಿತ್ತು. ಎರಡು ನಳಿಕೆ ಕಾಯಿಸುವಾಗ ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ನಿಂತು ಪರೀಕ್ಷೆಯ ಫಲಿತಾಂಶಕ್ಕೆ ಬಂದವರ ಹಾಗೆ ನನ್ನ ಮುಖ ನೋಡುತ್ತಿದ್ದರು. ಯಾರದೋ ಮದುವೆಯೂಟದ ಮಾರನೇ ದಿನ ಅಮ್ಮನದು ಹಳದಿ ಬಂತು. ನಾನು ಪುಸ್ತಕದಲ್ಲಿ ಬರೆದೆ, ನಳಿಕೆ ತೊಳೆದೆ.

"ಬಯ್ಯಲ್ವೇನಪ್ಪ?" ಅಂದಳು ಅಮ್ಮ.

"ಬಸ್ಸಿಗೆ ಹೊತ್ತಾಯ್ತಮ್ಮ," ಅಂದು ಅವಳ ತೋಳಿಗೆ ಸ್ಪಿರಿಟ್ ಒರೆಸಿದೆ.

ಗೋಡೆಯಾಚೆಯಿಂದ ಖಾಲಾ, "ನಂದು ಏನು ಬಣ್ಣ ಬೇಟಾ?" ಅಂದರು. ನೀಲಿ ಅಂದೆ. ಅವರು ನಂಬಲಿಲ್ಲ. ನಳಿಕೆಯನ್ನು ಬೆಳಕಿಗೆ ಹಿಡಿದು ತೋರಿಸಬೇಕಾಯಿತು.